ಡಿಮೀಟರ್ ಅತ್ತದ್ದು ಯಾವ ತಿಂಗಳಲ್ಲಿ?

"ಮಗಳೇ, ಅಲ್ಲಿದ್ದಾಗ ಏನಾದ್ರೂ ತಿಂದ್ಯಾ?"

ಬಹಳ ದಿನದ ಮೇಲೆ ಬಂದ ಮಗಳನ್ನು ತಬ್ಬಿಕೊಂಡು ತಾಯಿ ಕೇಳುತ್ತಾಳೆ. ಎಲ್ಲ ಅಮ್ಮಂದಿರೂ ಕೇಳುವ ಪ್ರಶ್ನೆಯೇ. ಆದರೆ ಈ ತಾಯಿಗೆ ಬೇಕಾಗಿದ್ದ ಉತ್ತರ "ಇಲ್ಲಮ್ಮ, ಏನೂ ಮುಟ್ಟಿಲ್ಲ" ಅನ್ನೋದು. ಯಾಕಂದರೆ ಮಗಳು ಬಂದಿರುವುದು ಸತ್ತವರ ಲೋಕದಿಂದ. ಅಲ್ಲಿನ ಒಂದು ತುತ್ತು ಗಂಟಲಲ್ಲಿ ಇಳಿದರೂ ಮುಗೀತು, ಅನ್ನದ ಋಣ ಬಿತ್ತು. ಮತ್ತೆ ಅಲ್ಲಿಗೆ ಹೋಗಲೇಬೇಕು. ಮಗಳು ಸುಳ್ಳು ಹೇಳುವುದಿಲ್ಲ. ತಿಂದಿದ್ದಾಳೆ. ಜಾಸ್ತಿ ಏನಿಲ್ಲ, ಒಂದು ದಾಳಿಂಬೆ ಕಾಳು.

ತಾಯಿಯ ಹೆಸರು ಡಿಮೀಟರ್, ಗ್ರೀಕರ ಪೈರು-ಪಚ್ಚೆಯ ದೇವತೆ. ಮಗಳು ಪರ್ಸೆಫನಿ. ಮಕ್ಕಳ ಪುಸ್ತಕಗಳಲ್ಲಿ ಈ ಕಥೆ ಮೂರೇ ಸಾಲಿನಲ್ಲಿ ಮುಗಿಯುತ್ತದೆ. ಮಗಳು ಪಾತಾಳದಲ್ಲಿರುವಾಗ ತಾಯಿ ಅಳುತ್ತಾಳೆ, ಭೂಮಿ ಬರಡಾಗುತ್ತದೆ, ಅದು ಚಳಿಗಾಲ. ಮಗಳು ಬಂದಾಗ ತಾಯಿ ನಗುತ್ತಾಳೆ, ಹೂ ಅರಳುತ್ತದೆ, ಅದು ವಸಂತ. ಪಾಪ, ಗ್ರೀಕರಿಗೆ ವಿಜ್ಞಾನ ಗೊತ್ತಿರಲಿಲ್ಲ, ಅದಕ್ಕೇ ಹೀಗೆ ಕಥೆ ಕಟ್ಟಿಕೊಂಡರು ಅಂತ ಕೊನೆಗೊಂದು ಷರಾ.

ನಾನೂ ಹಾಗೇ ನಂಬಿದ್ದೆ, ಅಥೆನ್ಸಿನ ತಿಂಗಳವಾರು ಮಳೆಯ ಪಟ್ಟಿ ಕಣ್ಣಿಗೆ ಬೀಳುವವರೆಗೆ. ಅಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 400 ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ಅಕ್ಟೋಬರ್‌ನಿಂದ ಮಾರ್ಚ್ ಒಳಗೆ. ಜುಲೈ, ಆಗಸ್ಟ್‌ನಲ್ಲಿ ಹೆಸರಿಗೆ ನಾಲ್ಕು ಹನಿ. ಅಂದರೆ ಗ್ರೀಸ್‌ನ ಹೊಲ ಚಳಿಗಾಲದಲ್ಲಿ ಹಸಿರಾಗಿರುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ಹಾಗಾದರೆ ಡಿಮೀಟರ್ ಅತ್ತದ್ದು ಯಾವಾಗ?

ಮೊದಲು ಕಥೆಯನ್ನೇ ಸರಿಯಾಗಿ ನೋಡೋಣ. ನಮಗೆ ಸಿಕ್ಕಿರುವ ಹಳೆಯ ಪೂರ್ಣ ರೂಪ ಸುಮಾರು 500 ಸಾಲಿನ ಒಂದು ಸ್ತುತಿ. ಕ್ರಿಸ್ತಪೂರ್ವ 7ನೇ ಅಥವಾ 6ನೇ ಶತಮಾನದ್ದು. ಹೋಮರನ ಹೆಸರಿಗೆ ಅಂಟಿಕೊಂಡಿದೆ, ಆದರೆ ಬರೆದವನು ಅವನಲ್ಲ. ಇದರ ಒಂದೇ ಒಂದು ಹಸ್ತಪ್ರತಿ ಉಳಿದಿತ್ತು. ಅದು 1777ರಲ್ಲಿ ಮಾಸ್ಕೋದಲ್ಲಿ ಕ್ರಿಸ್ಟಿಯಾನ್ ಮಥಾಯ್ ಎಂಬ ಜರ್ಮನ್ ವಿದ್ವಾಂಸನ ಕೈಗೆ ಸಿಕ್ಕಿತು. ಕೋಳಿ, ಹಂದಿಗಳ ಮಧ್ಯೆ ಲಾಯದಲ್ಲಿ ಬಿದ್ದಿತ್ತು ಅಂತ ಅವನೇ ಹೇಳಿಕೊಂಡ. ಅವನು ಅದನ್ನು ಗ್ರಂಥಾಲಯದಿಂದ ಎಗರಿಸಿ ಈ ಲಾಯದ ಕಥೆ ಕಟ್ಟಿದ ಎನ್ನುವವರೂ ಇದ್ದಾರೆ. ಏನೇ ಇರಲಿ, ಹಸ್ತಪ್ರತಿ ಈಗ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿದೆ.

ಕಥೆ ಶುರುವಾಗುವುದು ಹುಲ್ಲುಗಾವಲಲ್ಲಿ. ಪರ್ಸೆಫನಿ ಗೆಳತಿಯರ ಜೊತೆ ಹೂ ಕೀಳುತ್ತಿದ್ದಾಳೆ. ಅಲ್ಲೊಂದು ನಾರ್ಸಿಸಸ್ ಗಿಡ, ಒಂದೇ ಬುಡಕ್ಕೆ ನೂರು ಹೂ. ಅದೊಂದು ಬಲೆ. ಕೈ ಚಾಚುತ್ತಿದ್ದಂತೆ ನೆಲ ಬಾಯಿ ಬಿಡುತ್ತದೆ, ಪಾತಾಳದ ಒಡೆಯ ಹೇಡೀಸ್ ರಥದಲ್ಲಿ ಬಂದು ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಈ ಮದುವೆಗೆ ಹುಡುಗಿಯ ಅಪ್ಪ, ದೇವತೆಗಳ ರಾಜ ಜ್ಯೂಸ್ ಮೊದಲೇ ಒಪ್ಪಿಗೆ ಕೊಟ್ಟಿದ್ದ. ತಾಯಿಯನ್ನು ಯಾರೂ ಕೇಳಿರಲಿಲ್ಲ.

ಡಿಮೀಟರ್ ಒಂಬತ್ತು ದಿನ ಪಂಜು ಹಿಡಿದು ಊಟ, ಸ್ನಾನ ಬಿಟ್ಟು ಹುಡುಕುತ್ತಾಳೆ. ಹತ್ತನೆಯ ದಿನ ಹೆಕಟಿ ಎಂಬ ದೇವತೆ ಬಂದು, ಕೂಗು ಕೇಳಿಸಿತು, ಯಾರು ಅಂತ ಕಾಣಲಿಲ್ಲ ಅನ್ನುತ್ತಾಳೆ. ಇಬ್ಬರೂ ಸೂರ್ಯನ ಹತ್ತಿರ ಹೋಗುತ್ತಾರೆ. ಅವನು ಎಲ್ಲ ನೋಡಿದ್ದಾನೆ, ಎಲ್ಲ ಹೇಳುತ್ತಾನೆ. ಜೊತೆಗೆ ಸಮಾಧಾನವನ್ನೂ ಹೇಳುತ್ತಾನೆ: ಅಳಿಯ ಕೆಟ್ಟವನೇನಲ್ಲ, ನಿನ್ನ ಒಡಹುಟ್ಟಿದವನೇ, ದೊಡ್ಡ ರಾಜ್ಯ ಬೇರೆ ಇದೆ. ಹೆಣ್ಣು ಹೆತ್ತವರಿಗೆ ನೆರೆಹೊರೆಯವರು ಹೇಳುವ ಮಾತು 2,600 ವರ್ಷದಲ್ಲಿ ಏನೂ ಬದಲಾಗಿಲ್ಲ, ಅಲ್ವಾ?

ಡಿಮೀಟರ್ ದೇವಲೋಕ ಬಿಟ್ಟು ಮುದುಕಿಯ ವೇಷದಲ್ಲಿ ಎಲ್ಯೂಸಿಸ್ ಊರಿನ ಬಾವಿ ಹತ್ತಿರ, ಆಲಿವ್ ಮರದ ನೆರಳಲ್ಲಿ ಬಂದು ಕೂರುತ್ತಾಳೆ. ಅಥೆನ್ಸಿಂದ 20 ಕಿಲೋಮೀಟರ್ ಆಸುಪಾಸಿನ ಊರು. ನೀರಿಗೆ ಬಂದ ಹುಡುಗಿಯರು ಅವಳನ್ನು ಮನೆಗೆ ಕರೆದೊಯ್ಯುತ್ತಾರೆ. ಅಲ್ಲಿ ಅವಳು ಕೂಸು ನೋಡಿಕೊಳ್ಳುವ ಆಯಾ ಆಗುತ್ತಾಳೆ. ಮಗುವನ್ನು ಅಮರನನ್ನಾಗಿ ಮಾಡಲು ರಾತ್ರಿ ಹೊತ್ತು ಬೆಂಕಿಯಲ್ಲಿ ಇಡುತ್ತಿರುತ್ತಾಳೆ. ಒಂದು ರಾತ್ರಿ ಹೆತ್ತತಾಯಿ ನೋಡಿ ಕಿರುಚಿಕೊಳ್ಳುತ್ತಾಳೆ. ಕೆಲಸ ಕೆಡುತ್ತದೆ. ಸಿಟ್ಟಾದ ದೇವತೆ ನಿಜರೂಪ ತೋರಿ, ನನಗೊಂದು ಗುಡಿ ಕಟ್ಟಿ ಎಂದು ಹೇಳಿ, ಕಟ್ಟಿದ ಗುಡಿಯೊಳಗೆ ಒಬ್ಬಳೇ ಕುಳಿತುಬಿಡುತ್ತಾಳೆ.

ಬರಗಾಲ ಬರುವುದು ಇಲ್ಲಿ. ಕವಿ ಅದನ್ನು ಹೇಗೆ ಹೇಳುತ್ತಾನೆ ನೋಡಿ. ಎತ್ತುಗಳು ಬಾಗಿದ ನೇಗಿಲುಗಳನ್ನು ಎಳೆದದ್ದೆಲ್ಲ ದಂಡವಾಯಿತು. ಬಿಳಿ ಬಾರ್ಲಿ ಮಣ್ಣಿಗೆ ಬಿದ್ದದ್ದೆಲ್ಲ ದಂಡವಾಯಿತು. ಹಿಮವಿಲ್ಲ, ಚಳಿಯಿಲ್ಲ, ಉದುರಿದ ಎಲೆಯಿಲ್ಲ. ಉತ್ತು ಬಿತ್ತಿದ ಕಾಳು ಮೊಳೆಯಲಿಲ್ಲ, ಅಷ್ಟೇ. ಬಿತ್ತುವ ಕಾಲದ ಭಯ ಇದು. ಗ್ರೀಸ್‌ನಲ್ಲಿ ಬಿತ್ತುವುದು ಅಕ್ಟೋಬರ್-ನವೆಂಬರ್‌ನಲ್ಲಿ, ನಮ್ಮ ಹಿಂಗಾರಿನ ಹಾಗೆ.

ಜನ ಸತ್ತರೆ ದೇವರಿಗೆ ಎಡೆ ಇಡುವವರು ಯಾರು? ಜ್ಯೂಸ್‌ಗೆ ಚಿಂತೆ ಹತ್ತುತ್ತದೆ. ದೇವತೆಗಳನ್ನು ಒಬ್ಬೊಬ್ಬರಾಗಿ ಕಳಿಸಿ ನೋಡುತ್ತಾನೆ, ಡಿಮೀಟರ್ ಜಗ್ಗುವುದಿಲ್ಲ. ಕೊನೆಗೆ ಹರ್ಮಿಸ್ ಪಾತಾಳಕ್ಕೆ ಇಳಿಯುತ್ತಾನೆ. ಹೇಡೀಸ್ ನಗುನಗುತ್ತಾ "ಹೋಗಿ ಬಾ" ಅನ್ನುತ್ತಾನೆ, ಕಳ್ಳತನದಲ್ಲಿ ಒಂದು ದಾಳಿಂಬೆ ಕಾಳನ್ನೂ ತಿನ್ನಿಸುತ್ತಾನೆ. ಅಲ್ಲಿಂದ ಮುಂದೆ ತಾಯಿಯ ಆ ಪ್ರಶ್ನೆ. ಪಂಚಾಯ್ತಿಯಲ್ಲಿ ತೀರ್ಮಾನವಾದದ್ದು ಇಷ್ಟು: ವರ್ಷದ ಮೂರರಲ್ಲಿ ಒಂದು ಪಾಲು ಗಂಡನ ಮನೆ, ಎರಡು ಪಾಲು ತವರು. ಮುಂದೆ ರೋಮಿನ ಕವಿ ಓವಿಡ್ ಕೈಗೆ ಬರುವ ಹೊತ್ತಿಗೆ ಕಾಳು ಏಳಾದವು, ತಿಂಗಳು ಆರು-ಆರು ಆದವು. ಸರಿಪಾಲು ಮಾಡುವ ಚಟ ರೋಮನ್ನರದ್ದು. ಗ್ರೀಕ್ ಸ್ತುತಿಯಲ್ಲಿ ಲೆಕ್ಕ ನಾಲ್ಕು ಮತ್ತು ಎಂಟು.

ಯಾವ ನಾಲ್ಕು ತಿಂಗಳು?

20ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ವಿದ್ವಾಂಸ ಫ್ರಾನ್ಸಿಸ್ ಕಾರ್ನ್‌ಫರ್ಡ್, ಆಮೇಲೆ ಸ್ವೀಡನ್ನಿನ ವಿದ್ವಾಂಸ ಮಾರ್ಟಿನ್ ನಿಲ್ಸನ್ ಇದನ್ನೇ ಕೇಳಿದರು. ಗ್ರೀಕ್ ರೈತ ಮೇ ತಿಂಗಳಿಂದ ಕೊಯ್ಲು ಶುರು ಮಾಡುತ್ತಾನೆ, ಜೂನ್ ಹೊತ್ತಿಗೆ ಕಣದ ಕೆಲಸವೂ ಮುಗಿಯುತ್ತದೆ. ಕಾಳು ಎಲ್ಲಿಗೆ ಹೋಗುತ್ತದೆ? ನೆಲದೊಳಗೆ. ಹೂತಿಟ್ಟ ದೊಡ್ಡ ಮಣ್ಣಿನ ಗುಡಾಣಕ್ಕೆ, ಗುಂಡಿಗೆ. ನಮ್ಮಲ್ಲಿ ಇದಕ್ಕೆ ಹಗೇವು ಅಂತ ಹೆಸರೇ ಇದೆ, ಉತ್ತರ ಕರ್ನಾಟಕದ ಹಳೆಯ ವಾಡೆಗಳಲ್ಲಿ ಇಂದಿಗೂ ಅದರ ಬಾಯಿ ಕಾಣಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹೊಲದಲ್ಲಿ ಹಸಿರಿಲ್ಲದ ನಾಲ್ಕು ತಿಂಗಳು ಬಿತ್ತನೆ ಕಾಳು ನೆಲದೊಳಗಿರುತ್ತದೆ. ಅಕ್ಟೋಬರ್‌ನಲ್ಲಿ ಮೊದಲ ಮಳೆ ಬಿದ್ದಾಗ ಮೇಲೆ ಬರುತ್ತದೆ. ಪರ್ಸೆಫನಿ ಅಂದರೆ ಆ ಕಾಳು, ಅವಳು ಇಲ್ಲದಿರುವುದು ಸುಡುಬೇಸಿಗೆಯಲ್ಲಿ ಅನ್ನುವುದು ನಿಲ್ಸನ್ ವಾದ.

ಕೇಳಿದಾಗ ಆಹಾ ಅನ್ನಿಸುತ್ತದೆ. ಆದರೆ ಒಂದು ತೊಡಕಿದೆ. ಭೂಮಿಯಲ್ಲಿ ವಸಂತದ ಹೂಗಳು ಅರಳಿದಾಗ ನೀನು ಕತ್ತಲಿಂದ ಮೇಲೆ ಬರುತ್ತೀ ಎಂದು ಸ್ತುತಿಯಲ್ಲೇ ತಾಯಿ ಮಗಳಿಗೆ ಹೇಳುತ್ತಾಳೆ. ಅಕ್ಟೋಬರ್ ಅಲ್ಲ, ವಸಂತ. ಇದಕ್ಕೆ ನಿಲ್ಸನ್ ಕಡೆಯವರ ಹತ್ತಿರ ಗಟ್ಟಿ ಉತ್ತರವಿಲ್ಲ. ಜಗಳ ಇವತ್ತಿಗೂ ಮುಗಿದಿಲ್ಲ.

ನನಗೆ ಕಾಣುವುದು ಬೇರೆ. ಬರಗಾಲ ಬರುವುದಕ್ಕೆ ಎಷ್ಟೋ ಮೊದಲು, ಇನ್ನೂ ಪಂಜು ಹಿಡಿದು ಹುಡುಕುತ್ತಿರುವಾಗಲೇ, ಹೆಕಟಿ ಡಿಮೀಟರ್‌ಳನ್ನು "ಋತುಗಳನ್ನು ತರುವವಳೇ" ಎಂದು ಕರೆಯುತ್ತಾಳೆ. ಅಂದರೆ ಕಥೆ ಶುರುವಾಗುವ ಮೊದಲೇ ಋತುಗಳಿವೆ, ಅವು ತಮ್ಮ ಪಾಡಿಗೆ ಬರುತ್ತಿವೆ. ಬರ ಬಂದದ್ದು ಒಂದೇ ವರ್ಷ, ಸಿಟ್ಟಿಗೆ. ಪ್ರತಿ ವರ್ಷ ಮಗಳು ಹೋದಾಗಲೂ ಭೂಮಿ ಬರಡಾಗುತ್ತದೆ ಅನ್ನುವ ಮಾತು ಸ್ತುತಿಯಲ್ಲಿ ಎಲ್ಲೂ ಇಲ್ಲ. ಅದನ್ನು ಸೇರಿಸಿದ್ದು ನಾವು, ಆಮೇಲಿನವರು. ಋತು ಯಾಕೆ ಬದಲಾಗುತ್ತದೆ ಅನ್ನುವುದಕ್ಕಿಂತ, ಹೋದ ಮಗಳು ಪೂರ್ತಿಯಾಗಿ ವಾಪಸ್ ಬರುವುದಿಲ್ಲ ಅನ್ನುವುದೇ ಆ ಕವಿಗೆ ಮುಖ್ಯವಾಗಿತ್ತು.

ಹಾಗಾದರೆ ಗ್ರೀಕ್ ರೈತ ಯಾವ ದಿನ ಬಿತ್ತಬೇಕು ಅಂತ ಹೇಗೆ ತಿಳಿದುಕೊಳ್ಳುತ್ತಿದ್ದ? ಡಿಮೀಟರ್‌ಗೆ ಕೈ ಮುಗಿಯುತ್ತಿದ್ದ, ನಿಜ. ತಾರೀಖಿಗೆ ಮಾತ್ರ ಆಕಾಶ ನೋಡುತ್ತಿದ್ದ.

ಕ್ರಿಸ್ತಪೂರ್ವ 700ರ ಸುಮಾರಿನ ಹೆಸಿಯಡ್ ಎಂಬ ಕವಿ ಇದಕ್ಕೆ ಸಾಕ್ಷಿ. ಬಿಯೋಷಿಯಾ ಸೀಮೆಯ ಆಸ್ಕ್ರಾ ಅವನ ಊರು. ಚಳಿಯಲ್ಲಿ ಕೆಟ್ಟದ್ದು, ಬೇಸಿಗೆಯಲ್ಲಿ ಇನ್ನೂ ಕೆಟ್ಟದ್ದು, ಯಾವತ್ತೂ ಒಳ್ಳೆಯದಲ್ಲ ಅಂತ ತನ್ನ ಊರನ್ನೇ ಬೈದುಕೊಂಡ ಮಹಾನುಭಾವ. ಆಸ್ತಿ ಪಾಲಿನಲ್ಲಿ ಮೋಸ ಮಾಡಿದ ತಮ್ಮನಿಗೆ ಬುದ್ಧಿ ಹೇಳುವ ನೆಪದಲ್ಲಿ ಇಡೀ ವರ್ಷದ ಬೇಸಾಯವನ್ನು ಪದ್ಯದಲ್ಲಿ ಬರೆದಿಟ್ಟ. ಕೃತ್ತಿಕೆ ನಕ್ಷತ್ರಗಳು ಮೂಡಿದಾಗ ಕೊಯ್ಲು ಶುರು ಮಾಡು, ಅವು ಮುಳುಗುವಾಗ ನೇಗಿಲು ಹೂಡು. ಮೂಡುವುದಕ್ಕೆ ಮುಂಚೆ ನಲವತ್ತು ರಾತ್ರಿ ಅವು ಕಾಣಿಸುವುದಿಲ್ಲ ಅನ್ನುತ್ತಾನೆ. ಆ ನಲವತ್ತು ದಿನ ಸೂರ್ಯ ಅವುಗಳ ಹತ್ತಿರವೇ ಇರುತ್ತಾನೆ. ಬೆಳಕಿನಲ್ಲಿ ಅವು ಮುಚ್ಚಿಹೋಗಿರುತ್ತವೆ. ಆಮೇಲೊಂದು ದಿನ ಬೆಳಗಿನ ಜಾವ, ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ, ಪೂರ್ವದಲ್ಲಿ ಮಿಣಮಿಣ ಅನ್ನುತ್ತವೆ. ಅದೇ ಮೇ ತಿಂಗಳು, ಕುಡುಗೋಲು ಮಸೆಯುವ ಹೊತ್ತು.

ಕೃತ್ತಿಕೆ ಅಂದ ಕೂಡಲೇ ನಮ್ಮ ಮಳೆ ನಕ್ಷತ್ರಗಳ ನೆನಪಾಗಬೇಕು. ಕೃತ್ತಿಕೆ ಮಳೆ, ರೋಹಿಣಿ ಮಳೆ ಅನ್ನುವಾಗ ನಾವೂ ಹೇಳುತ್ತಿರುವುದು ಸೂರ್ಯ ಯಾವ ನಕ್ಷತ್ರದ ಮನೆಯಲ್ಲಿದ್ದಾನೆ ಅಂತಲೇ. ನಾವು ಪಂಚಾಂಗ ತೆರೆದು ಲೆಕ್ಕ ಹಾಕುತ್ತೇವೆ. ಹೆಸಿಯಡ್ ಬೆಳಗಿನ ಜಾವ ಎದ್ದು ಕಣ್ಣಲ್ಲಿ ನೋಡುತ್ತಿದ್ದ.

ಆಕಾಶಕ್ಕೆ ಮೋಡ ಕವಿದರೆ? ಅದಕ್ಕೂ ಅವನ ಹತ್ತಿರ ಗುರುತುಗಳಿವೆ, ನನಗೆ ತುಂಬ ಇಷ್ಟವಾದವು. ಕ್ರೌಂಚ ಹಕ್ಕಿಗಳು ಮೋಡದ ಮೇಲಿಂದ ಕೂಗುತ್ತಾ ಹೋದರೆ ಉಳುವ ಕಾಲ ಬಂತು, ಎತ್ತಿಲ್ಲದವನ ಎದೆ ಚುರ್ ಅನ್ನುತ್ತದೆ. ಬಸವನಹುಳು ನೆಲ ಬಿಟ್ಟು ಗಿಡ ಹತ್ತಲು ಶುರು ಮಾಡಿದರೆ ದ್ರಾಕ್ಷಿ ತೋಟ ಅಗೆದದ್ದು ಸಾಕು, ಕೊಯ್ಲಿಗೆ ಹೊರಡು. (ಬಸವನಹುಳುವನ್ನು ಅವನು ಕರೆಯುವುದು "ಮನೆ ಹೊರುವವ" ಅಂತ.) ಅಂಜೂರದ ತುದಿಯ ಚಿಗುರೆಲೆ ಕಾಗೆಯ ಹೆಜ್ಜೆಗುರುತಿನಷ್ಟು ದೊಡ್ಡದಾದಾಗ ಸಮುದ್ರಕ್ಕೆ ದೋಣಿ ಇಳಿಸಬಹುದು. ಕಾಗೆಯ ಹೆಜ್ಜೆಯಷ್ಟು! ಎಲೆ ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ.

ಇನ್ನು ಕೆಲವು ಪುರಾಣಗಳು ಋತುವಿಗಿಂತ ಹವೆಯ ಒಂದೊಂದು ತುಣುಕನ್ನು ಹಿಡಿದು ಹುಟ್ಟಿದವು. ಬೇಸಿಗೆಯಲ್ಲಿ ಲುಬ್ಧಕ ನಕ್ಷತ್ರ ಬೆಳಗಿನ ಜಾವ ಮೂಡುವ ದಿನಗಳಲ್ಲಿ ಸೆಕೆ ತಡೆಯಲಾಗುವುದಿಲ್ಲ. ಆ ನಕ್ಷತ್ರವೇ ದ್ವೀಪಗಳನ್ನು ಸುಡುತ್ತಿದೆ ಅಂದುಕೊಂಡರು. ಅರಿಸ್ಟಿಯಸ್ ಎಂಬಾತ ಕಿಯೋಸ್ ದ್ವೀಪದಲ್ಲಿ ಜ್ಯೂಸ್‌ಗೂ ಲುಬ್ಧಕಕ್ಕೂ ಬಲಿ ಕೊಟ್ಟನಂತೆ, ಆಗ ನಲವತ್ತು ದಿನ ತಂಪು ಗಾಳಿ ಬೀಸಿತಂತೆ. ಲುಬ್ಧಕದ ಬಿಸಿ ನಮಗೆ ತಾಗುವುದಿಲ್ಲ, ಅದು 8.6 ಜ್ಯೋತಿರ್ವರ್ಷ ದೂರದಲ್ಲಿದೆ. ಗಾಳಿ ಮಾತ್ರ ಸುಳ್ಳಲ್ಲ. ಈಜಿಯನ್ ಸಮುದ್ರದ ಮೇಲೆ ಜುಲೈ-ಆಗಸ್ಟ್‌ನಲ್ಲಿ ಉತ್ತರದಿಂದ ಇವತ್ತಿಗೂ ಬೀಸುತ್ತದೆ, ಈಗ ಅದರ ಹೆಸರು ಮೆಲ್ಟೆಮಿ.

ಚಳಿಗಾಲದ್ದು ಇನ್ನೊಂದು. ಗಂಡ ಸಮುದ್ರದಲ್ಲಿ ಮುಳುಗಿದ ದುಃಖಕ್ಕೆ ಆಲ್ಸಿಯೋನೆ ನೀರಿಗೆ ಹಾರಿದಳು, ದೇವತೆಗಳು ಇಬ್ಬರನ್ನೂ ಮಿಂಚುಳ್ಳಿ ಹಕ್ಕಿಗಳನ್ನಾಗಿ ಮಾಡಿದರು. ಅವಳು ಮೊಟ್ಟೆಗೆ ಕಾವು ಕೊಡುವ ದಿನಗಳಲ್ಲಿ ಸಮುದ್ರ ಶಾಂತವಾಗಿರುತ್ತದೆ. ಅರಿಸ್ಟಾಟಲ್ ಕೂಡ ಇದನ್ನು ಬರೆದಿದ್ದಾನೆ, ವರ್ಷದ ಅತಿ ಚಿಕ್ಕ ಹಗಲಿನ ಹಿಂದೆ ಏಳು ದಿನ, ಮುಂದೆ ಏಳು ದಿನ ಅಂತ. ಮಿಂಚುಳ್ಳಿ ಗೂಡು ಮಾಡುವುದು ನದಿ ದಂಡೆಯ ಬಿಲದಲ್ಲಿ, ಅದೂ ವಸಂತದ ಮೇಲೆ. ಪ್ರಾಣಿಶಾಸ್ತ್ರದ ಪಿತಾಮಹನೇ ಇಲ್ಲಿ ಎಡವಿದ್ದಾನೆ. ಆದರೆ ನಡುಚಳಿಯಲ್ಲಿ ಕೆಲವು ದಿನ ಬಿಸಿಲು ಬಿದ್ದು ಗಾಳಿ ನಿಲ್ಲುವುದು ನಿಜ. ಅಲ್ಲಿ ಹೆಚ್ಚು ಒತ್ತಡದ ಗಾಳಿ ನೆಲೆ ನಿಂತಾಗ ಹಾಗಾಗುತ್ತದೆ. ಗ್ರೀಕರು ಅವನ್ನು ಈಗಲೂ ಆಲ್ಸಿಯೋನೆಯ ದಿನಗಳು ಅಂತಲೇ ಕರೆಯುತ್ತಾರೆ.

ಸರಿ, ನಿಜವಾದ ಕಾರಣಕ್ಕೆ ಬರೋಣ. ಕರೆಂಟ್ ಹೋದಾಗ ಟಾರ್ಚನ್ನು ನೇರವಾಗಿ ನೆಲಕ್ಕೆ ಬಿಟ್ಟು ನೋಡಿ. ಚಿಕ್ಕ, ಪ್ರಕಾಶಮಾನವಾದ ವೃತ್ತ. ಈಗ ಟಾರ್ಚನ್ನು ಓರೆ ಮಾಡಿ. ಅದೇ ಬೆಳಕು ಉದ್ದಕ್ಕೆ ಹರಡಿ ಮಂಕಾಗುತ್ತದೆ. ಋತುವಿನ ಗುಟ್ಟಿನ ದೊಡ್ಡ ಪಾಲು ಇಷ್ಟೇ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ, ವರ್ಷಪೂರ್ತಿ ಒಂದೇ ಕಡೆ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಹಾಗಾಗಿ ಅಥೆನ್ಸ್‌ನಲ್ಲಿ ಜೂನ್ ಕೊನೆಯ ಮಧ್ಯಾಹ್ನ ಸೂರ್ಯ ದಿಗಂತದಿಂದ 75 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಡಿಸೆಂಬರ್ ಕೊನೆಗೆ 29 ಡಿಗ್ರಿ ಕೂಡ ದಾಟುವುದಿಲ್ಲ. ನಡುಮಧ್ಯಾಹ್ನ ಒಂದು ಅಂಗಳದ ಮೇಲೆ ಬೀಳುವ ಬಿಸಿಲು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಹಗಲು ಹದಿನಾಲ್ಕೂಮುಕ್ಕಾಲು ಗಂಟೆಯಿಂದ ಒಂಬತ್ತೂವರೆ ಗಂಟೆಗೆ ಕುಗ್ಗುತ್ತದೆ.

ದೂರಕ್ಕೂ ಇದಕ್ಕೂ ಸಂಬಂಧವಿಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದೇ ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ 15.2 ಕೋಟಿ. ಗ್ರೀಸ್ ನಡುಗುತ್ತಿರುವಾಗ ಸೂರ್ಯ ಹತ್ತಿರದಲ್ಲಿದ್ದಾನೆ! ಇದು ಎಷ್ಟು ಜನರಿಗೆ ಗೊತ್ತು? 1987ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಅಧ್ಯಾಪಕರು ಸೇರಿ 23 ಜನರನ್ನು ಋತುಗಳ ಬಗ್ಗೆ ಅಥವಾ ಚಂದ್ರ ದೊಡ್ಡದು-ಚಿಕ್ಕದಾಗುವುದರ ಬಗ್ಗೆ ಕೇಳಲಾಯಿತು. 21 ಜನ ತಪ್ಪು ಹೇಳಿದರು. ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿ ಅನ್ನುವುದೇ ಋತುಗಳ ಬಗ್ಗೆ ಬಂದ ಮಾಮೂಲಿ ತಪ್ಪುತ್ತರ. ಗೌನು ತೊಟ್ಟವರ ಪುರಾಣ ಅದು. ಗ್ರೀಕರ ಇತಿಹಾಸಕಾರ ಹೆರೊಡೋಟಸ್ ಚಳಿಗಾಲದ ಬಿರುಗಾಳಿ ಸೂರ್ಯನನ್ನು ದಕ್ಷಿಣದ ಲಿಬಿಯಾ ಕಡೆಗೆ ತಳ್ಳುತ್ತದೆ ಅಂತ ಬರೆದಿದ್ದ. ಕೊನೇಪಕ್ಷ ಸೂರ್ಯ ದಕ್ಷಿಣಕ್ಕೆ ಸರಿಯುವುದನ್ನಾದರೂ ಅವನು ಗಮನಿಸಿದ್ದ.

ಗ್ರೀಸ್‌ನ ಬೇಸಿಗೆ ಒಣಗಿರುವುದೂ ಇದೇ ವಾಲಿನ ಕೆಲಸ. ಸಹಾರಾದ ಅಕ್ಷಾಂಶದಲ್ಲಿ ಮೇಲಿನಿಂದ ಕೆಳಗೆ ಇಳಿಯುವ ಒಣಗಾಳಿಯ ಪಟ್ಟಿಯೊಂದಿದೆ. ಸೂರ್ಯನ ಹಿಂದೆ ಹಿಂದೆಯೇ ಅದೂ ಉತ್ತರಕ್ಕೆ ಸರಿದು ಬೇಸಿಗೆಯಲ್ಲಿ ಮೆಡಿಟರೇನಿಯನ್ ಮೇಲೆ ಬಂದು ಕೂರುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಶರತ್ಕಾಲದಲ್ಲಿ ಪಟ್ಟಿ ವಾಪಸ್ ದಕ್ಷಿಣಕ್ಕೆ ಹೋದಾಗ ಪಶ್ಚಿಮದ ಗಾಳಿ ಅಟ್ಲಾಂಟಿಕ್ ಕಡೆಯಿಂದ ಮಳೆ ತರುತ್ತದೆ. ನಿಲ್ಸನ್ ಲೆಕ್ಕದಲ್ಲಿ ಆಗಲೇ ಹಗೇವಿನ ಬಾಯಿ ತೆರೆಯುವುದು.

ಡಿಮೀಟರ್ ಗುಡಿಗೆ ಹೋಗುತ್ತಿದ್ದ ಊರಿನಲ್ಲೇ ಋತುಗಳನ್ನು ದಿನದ ಲೆಕ್ಕದಲ್ಲಿ ಅಳೆಯುವವರೂ ಇದ್ದರು. ಕ್ರಿಸ್ತಪೂರ್ವ 432ರಲ್ಲಿ ಮೆಟನ್ ಮತ್ತು ಯುಕ್ಟೆಮನ್ ಅಥೆನ್ಸ್‌ನಲ್ಲಿ ನಿಂತು ವರ್ಷದ ಅತಿ ಉದ್ದದ ಹಗಲು ಯಾವ ದಿನ ಅಂತ ನೋಡಿ ಬರೆದಿಟ್ಟರು. ಅದಾಗಿ ನೂರು ವರ್ಷಕ್ಕೆ ಕ್ಯಾಲಿಪಸ್ ಎಂಬಾತ ನಾಲ್ಕು ಋತುಗಳ ಉದ್ದ ಕೊಟ್ಟ: ವಸಂತ 94 ದಿನ, ಬೇಸಿಗೆ 92, ಶರತ್ಕಾಲ 89, ಚಳಿಗಾಲ 90. ಸಮ ಇಲ್ಲ! ಯಾಕೆ ಅಂತ ಅವನಿಗೆ ತಿಳಿಯಲಿಲ್ಲ. ಕಾರಣ ಹೇಳಲು 1609ರಲ್ಲಿ ಕೆಪ್ಲರ್ ಬರಬೇಕಾಯಿತು. ಭೂಮಿಯ ದಾರಿ ಸ್ವಲ್ಪ ಮೊಟ್ಟೆಯಾಕಾರ, ಸೂರ್ಯನ ಹತ್ತಿರ ಬಂದಾಗ ಓಟ ಜೋರು. ದೂರದ ವ್ಯತ್ಯಾಸ ಚಳಿ-ಸೆಕೆಯನ್ನು ತರುವುದಿಲ್ಲ, ಋತುವಿನ ಉದ್ದವನ್ನು ಹೀಗೆ ಎಳೆದಾಡುತ್ತದೆ.

ಕ್ರಿಸ್ತಪೂರ್ವ 3ನೇ ಶತಮಾನದ ಗ್ರೀಕ್ ವಿದ್ವಾಂಸ ಎರಾಟೊಸ್ತೆನಿಸ್, ಸೂರ್ಯ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಎಷ್ಟು ಸರಿಯುತ್ತಾನೆ ಅಂತ ಅಳೆದ. ವೃತ್ತದ 83 ಪಾಲಿನಲ್ಲಿ 11 ಪಾಲು. ಅರ್ಧ ಮಾಡಿದರೆ 23.86 ಡಿಗ್ರಿ. ಆ ಕಾಲದ ನಿಜವಾದ ವಾಲು ಸುಮಾರು 23.7. ದುರ್ಬೀನಿಲ್ಲ, ಕಾಗದವಿಲ್ಲ, ನೆರಳು ಮಾತ್ರ. ಅವರು ವಾಲಿರುವುದು ಸೂರ್ಯನ ದಾರಿ ಅಂದುಕೊಂಡಿದ್ದರು, ನಾವು ಭೂಮಿ ಅನ್ನುತ್ತೇವೆ. ಕೋನ ಅದೇ.

ಇನ್ನು ಕ್ರಿಸ್ತಪೂರ್ವ 2ನೇ ಶತಮಾನದ ಹಿಪ್ಪಾರ್ಕಸ್. ಅವನು ಚಿತ್ತಾ ನಕ್ಷತ್ರದ ಜಾಗವನ್ನು 150 ವರ್ಷ ಹಿಂದಿನವರ ಬರಹದ ಜೊತೆ ಹೋಲಿಸಿ, ಅದು ಸುಮಾರು 2 ಡಿಗ್ರಿ ಸರಿದಿದೆ ಅಂತ ಕಂಡುಹಿಡಿದ. ಭೂಮಿ ನಿಧಾನವಾಗುವ ಬುಗುರಿಯ ಹಾಗೆ ತಲೆ ತಿರುಗಿಸುತ್ತದೆ, ಸುಮಾರು 26,000 ವರ್ಷಕ್ಕೊಂದು ಸುತ್ತು. ಇದರಿಂದ ನಕ್ಷತ್ರದ ಕ್ಯಾಲೆಂಡರ್ 72 ವರ್ಷಕ್ಕೆ ಸುಮಾರು ಒಂದು ದಿನ ಋತುವಿನಿಂದ ಜಾರುತ್ತದೆ. ಹೆಸಿಯಡ್‌ನ ಮಾತು ನಂಬಿ ಇವತ್ತು ಕೃತ್ತಿಕೆಗೆ ಕಾದರೆ ಕೊಯ್ಲು ತಿಂಗಳು ತಡವಾಗುತ್ತದೆ. ನಮ್ಮ ಮಕರ ಸಂಕ್ರಾಂತಿಗೂ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವ ಡಿಸೆಂಬರ್ 21-22ಕ್ಕೂ ಮೂರು ವಾರಕ್ಕೂ ಹೆಚ್ಚು ಅಂತರ ಬಿದ್ದಿರುವುದೂ ಇದೇ ಜಾರುವಿಕೆಯಿಂದ.

ಋತುಗಳಿಗೆ ಗ್ರೀಕರಲ್ಲಿ ದೇವತೆಗಳೂ ಇದ್ದರು. ಅವರ ಹೆಸರು ಹೋರೈ, ಒಬ್ಬಳಾದರೆ ಹೋರಾ. ಆ ಪದಕ್ಕೆ ಋತು, ಹೊತ್ತು, ಗಂಟೆ ಎಲ್ಲ ಅರ್ಥವೂ ಇತ್ತು. ಅದೇ ಪದ ಜ್ಯೋತಿಷದ ಜೊತೆ ಭಾರತಕ್ಕೆ ಬಂದು ನಮ್ಮ ಪಂಚಾಂಗದಲ್ಲಿ ಹೋರಾ ಆಗಿ ಕೂತಿದೆ. ಅಹೋರಾತ್ರದ ಹಿಂದು-ಮುಂದು ಅಕ್ಷರ ಕತ್ತರಿಸಿದರೆ ಹೋರಾ ಎಂದು ಕೆಲವರು ಹೇಳುವುದನ್ನು ವರಾಹಮಿಹಿರ ಬರೆದಿದ್ದಾನೆ. ಜಾಣತನದ ವಿವರಣೆ, ಆದರೆ ಪದ ಗ್ರೀಕರದ್ದು. ದಿನಕ್ಕೆ ನಾಲ್ಕು ಸಲ ಬಳಸುವ "ಕೇಂದ್ರ" ಕೂಡ ಅದೇ ಹಡಗಿನಲ್ಲಿ ಬಂದದ್ದು.

ಇಷ್ಟೆಲ್ಲ ಅಳೆದ ಮೇಲೂ ಜನ ಡಿಮೀಟರ್‌ಳನ್ನು ಬಿಡಲಿಲ್ಲ. ಬಿತ್ತನೆಗೆ ಮುಂಚೆ ಅಥೆನ್ಸಿಂದ ಎಲ್ಯೂಸಿಸ್‌ಗೆ ಸಾವಿರಾರು ಜನ ನಡೆದುಕೊಂಡು ಹೋಗುತ್ತಿದ್ದರು. ಅಲ್ಲಿ ರಾತ್ರಿ ಏನು ನಡೆಯುತ್ತದೆ ಅಂತ ಬಾಯಿ ಬಿಟ್ಟರೆ ಮರಣದಂಡನೆ. ಕತ್ತರಿಸಿದ ಒಂದು ತೆನೆಯನ್ನು ಮೌನವಾಗಿ ತೋರಿಸುತ್ತಿದ್ದರು ಅಂತ ಆಮೇಲಿನ ಕ್ರೈಸ್ತ ಲೇಖಕ ಹಿಪ್ಪೊಲಿಟಸ್ ಬರೆದಿದ್ದಾನೆ. ಅಕ್ಟೋಬರ್ ಹೊತ್ತಿಗೆ ಹೆಂಗಸರಷ್ಟೇ ಮಾಡುವ ಥೆಸ್ಮೊಫೋರಿಯಾ ಹಬ್ಬ. ಅದಕ್ಕೆ ಮೊದಲೇ ಆಳದ ಗುಂಡಿಗಳಿಗೆ ಹಂದಿಮರಿಗಳನ್ನು ಹಾಕಿರುತ್ತಿದ್ದರು. ಅವು ಕೊಳೆತ ಮೇಲೆ ಹೆಂಗಸರು ಒಳಗಿಳಿದು ಬಾಚಿ ತಂದು, ಬಿತ್ತನೆ ಕಾಳಿಗೆ ಕಲಸುತ್ತಿದ್ದರು, ಬೆಳೆ ಚೆನ್ನಾಗಿ ಬರಲಿ ಅಂತ. ಕೇಳಿದರೆ ಮೈ ಝುಂ ಅನ್ನುತ್ತದೆ. ತಿಪ್ಪೆ ಗೊಬ್ಬರ ಹಾಕುವವರಿಗೆ ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ.

ಎಲ್ಯೂಸಿಸ್ ಗುಡಿ 4ನೇ ಶತಮಾನದ ಕೊನೆಗೆ ಹಾಳಾಯಿತು. ಊರಿನವರು ಕ್ರೈಸ್ತರಾದರು. ಆದರೆ ಕಣದ ಹತ್ತಿರ ಒಂದು ಒಡಕು ವಿಗ್ರಹ ಉಳಿದಿತ್ತು, ತಲೆ ಮೇಲೆ ಬುಟ್ಟಿ ಹೊತ್ತ ಹೆಣ್ಣು. ಊರವರು ಅದರ ಕುತ್ತಿಗೆವರೆಗೂ ಗೊಬ್ಬರ ಗುಡ್ಡೆ ಹಾಕುತ್ತಿದ್ದರು. ಅವಳಿರುವುದರಿಂದಲೇ ಬೆಳೆ ಬರುತ್ತದೆ ಅಂತ ನಂಬಿಕೆ. 1801ರಲ್ಲಿ ಕೇಂಬ್ರಿಜ್‌ನ ಎಡ್ವರ್ಡ್ ಕ್ಲಾರ್ಕ್ ಅಲ್ಲಿಗೆ ಬಂದ. ಅಥೆನ್ಸಿನ ತುರ್ಕಿ ಅಧಿಕಾರಿಗೆ ಒಂದು ದುರ್ಬೀನು ಕೊಟ್ಟು, ವಿಗ್ರಹ ಒಯ್ಯಲು ಅಪ್ಪಣೆ ಪಡೆದ. ಸಾಗಿಸುವ ಹಿಂದಿನ ಸಂಜೆ ನೊಗ ಕಳಚಿಕೊಂಡ ಎತ್ತೊಂದು ಓಡಿಬಂದು ವಿಗ್ರಹಕ್ಕೆ ಕೊಂಬಿನಿಂದ ಗುಮ್ಮಿ, ಕೂಗುತ್ತಾ ಬಯಲಿಗೆ ಓಡಿತು. ಊರವರು ಹೆದರಿದರು. ಇವಳನ್ನು ಹೊತ್ತ ಹಡಗು ಮುಳುಗುತ್ತದೆ ಅಂದರು. ಹಡಗು ಇಂಗ್ಲೆಂಡಿನ ಬೀಚಿ ಹೆಡ್ ಹತ್ತಿರ ಒಡೆದದ್ದೂ ನಿಜ. ವಿಗ್ರಹವನ್ನು ಮಾತ್ರ ಮೇಲೆತ್ತಿದರು.

ಈಗ ಅದು ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ. ಅದು ಡಿಮೀಟರ್ ಅಲ್ಲವೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಗುಡಿಯ ಒಳಬಾಗಿಲಲ್ಲಿ ಪೂಜೆಯ ಬುಟ್ಟಿ ಹೊತ್ತು ನಿಂತಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳು. ಬುಟ್ಟಿಯ ಮೇಲೆ ತೆನೆ ಕೆತ್ತಿದೆ. ಜೊತೆಯವಳು ಎಲ್ಯೂಸಿಸ್‌ನಲ್ಲೇ ಇದ್ದಾಳೆ, ಅಲ್ಲಿನ ಮ್ಯೂಸಿಯಂನಲ್ಲಿ. ಇವಳು ಊರು ಬಿಟ್ಟು ಇನ್ನೂರು ವರ್ಷ ದಾಟಿತು. ಒಂದು ವಸಂತಕ್ಕೂ ವಾಪಸ್ ಹೋಗಿಲ್ಲ.